ನಸಗುನ್ನಿ ಬೀಜ ಬೇಯಿಸಿದ ಹಾಲು

ಯಾರೂ ನೆಡದೆ, ಯಾರೂ ನೀರೆರೆಯದೆ ಹೊಳೆದಂಡೆಯ ಬೇಲಿಗಳ ಮೇಲೆ ಹಬ್ಬಿಕೊಳ್ಳುವ ಬಳ್ಳಿಗೆ ಮೊದಲ ನಮಸ್ಕಾರ. ಆ ಬಳ್ಳಿಯ ಗುಣವನ್ನು ತಮ್ಮ ಬಾಯಿಂದ ನನ್ನ ಕಿವಿಗೆ ದಾಟಿಸಿದ ಗುರುಗಳಿಗೆ, ಅವರಿಗೆ ದಾಟಿಸಿದ ಹಿರಿಯರಿಗೆ, ಅಮೃತಕಲಶವನ್ನು ಹಿಡಿದು ಬಂದ ಧನ್ವಂತರಿಗೆ ನಮಸ್ಕಾರ. ಮಲಪ್ರಭೆಗೂ ಅವಳ ದಂಡೆಯ ಕಪ್ಪು ಮಣ್ಣಿಗೂ, ಕರುವಿನ ಪಾಲಿನಿಂದ ನಮಗೆ ಹಾಲು ಕೊಟ್ಟ ಗೋವಿಗೂ ನಮಸ್ಕಾರ. ಕಡೆಯದಾಗಿ, ಎಲ್ಲಕ್ಕಿಂತ ದೀರ್ಘವಾಗಿ ತಲೆಬಾಗುವುದು ಇಳಕಲ್ಲಿನ ಒಬ್ಬ ನೇಕಾರರಿಗೆ. ನಡುಗುವ ತಮ್ಮ ಎರಡು ಕೈಗಳನ್ನು ಅವರು ನಂಬಿಕೆಯಿಂದ ನಮ್ಮ ಮುಂದೆ ಚಾಚಿದರು. ಆ ನಂಬಿಕೆಯ ಋಣ ತೀರಿಲ್ಲ, ತೀರುವಂಥದ್ದೂ ಅಲ್ಲ. ನಡೆದುದನ್ನು ನಡೆದಂತೆ ಬರೆದಿಡುವುದಷ್ಟೇ ಈಗ ನನ್ನಿಂದಾಗುವ ಸೇವೆ.

ನಾನು ಆಯುರ್ವೇದ ವಿದ್ಯಾಲಯದಲ್ಲಿ ದ್ರವ್ಯಗುಣವನ್ನು, ಎಂದರೆ ಸಸ್ಯಗಳ ಗುಣಧರ್ಮವನ್ನು, ಪಾಠ ಹೇಳಿ ನಿವೃತ್ತಳಾದವಳು. ಬಾಗಲಕೋಟೆಯ ನವನಗರದಲ್ಲಿ ಪೂಜೆ, ಪಾರಾಯಣ, ಅಂಗಳದ ಗಿಡಗಳು ಎಂದು ದಿನ ಸಾಗುತ್ತಿದ್ದಾಗ ಔಷಧ ವಿಜ್ಞಾನದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅಧ್ಯಾಪಕಿಯೊಬ್ಬಳು ಮನೆಗೆ ಬಂದಳು. ಬಾದಾಮಿಯ ಹಳೆಯ ಮುಸಲ್ಮಾನ ಮನೆತನದ ಹುಡುಗಿ. ಅವಳ ಅಜ್ಜ ಪೇಟೆಯಲ್ಲಿ ಅತ್ತರು ಮತ್ತು ಗಿಡಮೂಲಿಕೆ ಮಾರುತ್ತಿದ್ದುದು ನನಗೆ ನೆನಪಿತ್ತು.

"ಅಮ್ಮಾರ, ಮಷೀನು ನಮ್ಮ ಹಂತ್ಯಾಕ ಅದಾವ್ರಿ," ಎಂದಳು. "ಬೀಜ ಯಾವಾಗ ಕೀಳಬೇಕು, ಹೆಂಗ ಶುದ್ಧಿ ಮಾಡಬೇಕು, ಆ ವಿದ್ಯಾ ನಿಮ್ಮ ಹಂತ್ಯಾಕ ಐತಿ. ಎರಡೂ ಕೂಡಿದ್ರ ಒಂದು ಕೆಲಸ ಆಗ್ತೈತ್ರಿ."

ಕೆಲಸವೆಂದರೆ ಕಂಪವಾತದ್ದು. ಮಿದುಳಿನ ಆಳದಲ್ಲಿ ಕಪ್ಪಾಗಿ ಕಾಣುವ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸುತ್ತವೆ. ಆ ಕೋಶಗಳು ಒಂದೊಂದಾಗಿ ಸಾಯತೊಡಗಿದಾಗ ಕೈ ನಡುಗುತ್ತದೆ, ಹೆಜ್ಜೆ ಕಿರಿದಾಗುತ್ತದೆ, ಮುಖದ ಭಾವ ಆರುತ್ತದೆ. ನಸಗುನ್ನಿಯ ಬೀಜದಲ್ಲಿ ಡೋಪಮಿನ್ನಿನ ಹಿಂದಿನ ರೂಪವಾದ ಲೆವೊಡೋಪ ಸ್ವಾಭಾವಿಕವಾಗಿಯೇ ಇದೆ. ದವಾಖಾನೆಯ ಗುಳಿಗೆಯಲ್ಲಿರುವುದೂ ಅದೇ. ಆದರೆ ಗುಳಿಗೆ ಕೊರತೆಯನ್ನು ತುಂಬುತ್ತದೆಯೇ ಹೊರತು ಉಳಿದ ಕೋಶಗಳನ್ನು ಕಾಯುವುದಿಲ್ಲ. ಇಡಿಯ ಬೀಜದಲ್ಲಿರುವ ಬೇರೆ ದ್ರವ್ಯಗಳು ಆ ಕಾವಲು ಕೆಲಸವನ್ನೂ ಮಾಡಬಹುದೇ ಎಂಬುದು ಅಧ್ಯಾಪಕಿಯ ಪ್ರಶ್ನೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಅವಳು ಪ್ರಯೋಗ ಆರಂಭಿಸಿದ್ದಳು. ಜೊತೆಗೆ ನರರೋಗದ ವೈದ್ಯರೊಬ್ಬರು ತಮ್ಮ ಮೂವರು ರೋಗಿಗಳಿಗೆ ಗುಳಿಗೆಯ ಒಂದು ಭಾಗದ ಬದಲು ಬೀಜದ ಚೂರ್ಣವನ್ನು ಕೊಟ್ಟು ನೋಡಲು ಕಾಲೇಜಿನ ಸಮಿತಿಯಿಂದ ಒಪ್ಪಿಗೆ ಪಡೆದಿದ್ದರು.

ನಾನು ಎರಡು ಮಾತುಗಳನ್ನು ಕೇಳಿಕೊಂಡೆ. ಬೀಜವನ್ನು ವಿಧಿಪೂರ್ವಕವಾಗಿ ಸಂಗ್ರಹಿಸಬೇಕು. ವೈದ್ಯರ ಗುಳಿಗೆಯನ್ನು ಯಾವ ರೋಗಿಯೂ ತಾನಾಗಿ ಬಿಡಕೂಡದು. ಅಧ್ಯಾಪಕಿ ಎರಡಕ್ಕೂ ಒಪ್ಪಿದಳು.

ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಯ ಹೊಲವೊಂದರ ಬೇಲಿಯಲ್ಲಿ ನಸಗುನ್ನಿ ದಟ್ಟವಾಗಿ ಹಬ್ಬಿತ್ತು. ಚಳಿಗಾಲದಲ್ಲಿ ಕಾಯಿಗಳು ಒಣಗಿ, ಅವುಗಳ ಮೇಲಿನ ಕಂದು ರೋಮಗಳು ಗಾಳಿಗೆ ಹಾರುವ ಹೊತ್ತು. ಮೈಗೆ ತಾಗಿದರೆ ಚರ್ಮ ಕಿತ್ತುಬರುವಂಥ ತುರಿಕೆ. ನಾವು ಹಿಂದಿನ ಸಂಜೆಯೇ ಹೋಗಿ, ಬಳ್ಳಿಯ ಬುಡಕ್ಕೆ ನೀರೆರೆದು ಅಕ್ಷತೆ ಹಾಕಿ, ಲೋಕದ ನೋವಿಗಾಗಿ ನಿನ್ನ ಬೀಜ ಬೇಕಾಗಿದೆ, ಕೊಡು ಎಂದು ಕೇಳಿಕೊಂಡೆವು. ನನ್ನ ಗುರುಗಳು ಕೇಳದೆ ಒಂದು ಎಲೆಯನ್ನೂ ಕಿತ್ತವರಲ್ಲ.

ಹೊಲದ ಹಿರಿಯ ಟೊಂಕದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದ. "ಅಮ್ಮಾರ, ಇದನ್ನ ಮಾಸ್ತರ ಕುರ್ಚಿಗೆ ಸವರಿ ಸಾಲ್ಯಾಗ ಚಡಿ ಏಟು ತಿಂದಾಂವ ನಾ. ಈಗ ಇದಕ್ಕ ಕೈ ಮುಗಿ ಅಂತೀರಲ್ರಿ."

"ಮುಗೀರಿ ಕಾಕಾ," ಎಂದಳು ಅಧ್ಯಾಪಕಿ. "ಮಾಸ್ತರ ಕಡೆ ಕೇಳದ ಮಾಫಿ ಬಳ್ಳಿ ಕಡೆರೆ ಕೇಳ್ರಿ."

"ಮಾಸ್ತರ ತುರಿಸ್ಕೊಂತ ಪಾಠ ಮಾಡಿದ್ದು ನೆನಸ್ಕೊಂಡ್ರ ಈಗೂ ನಗಿ ಬರ್ತೈತಿ ತಂಗಿ. ಮಾಫಿ ಹೆಂಗ ಕೇಳ್ಲಿ?" ಎಂದವನು, ನಗುತ್ತಲೇ ಕೈ ಮುಗಿದ.

ಮರುದಿನ ಕೈಗಳಿಗೆ ಬಟ್ಟೆ ಸುತ್ತಿಕೊಂಡು ಕಾಯಿ ಕಿತ್ತೆವು. ಆದರೂ ನನ್ನ ಕತ್ತಿಗೆ ರೋಮ ತಾಗಿತು. ಹಿರಿಯನ ಮಡದಿ ಒಲೆಯ ಬೂದಿಯನ್ನು ಉಜ್ಜಿ, ಮೇಲೆ ಎಣ್ಣೆ ಸವರಿದ ಮೇಲೆಯೇ ತಂಪಾಯಿತು.

ಶುದ್ಧಿಯ ವಿಧಿಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಡೆಸಿದೆವು. ಬೀಜಗಳನ್ನು ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಪಾತ್ರೆಯ ಬಾಯಿಗೆ ಅಡ್ಡಲಾಗಿಟ್ಟ ಕೋಲಿನಿಂದ ಇಳಿಬಿಟ್ಟು, ತಳಕ್ಕೆ ತಾಗದಂತೆ ಆಕಳ ಹಾಲಿನಲ್ಲಿ ಮಂದ ಉರಿಯ ಮೇಲೆ ಬೇಯಿಸಬೇಕು. ಸಿಪ್ಪೆ ಬೆರಳಿಗೆ ಜಾರುವ ಹದ ಬಂದಾಗ ಇಳಿಸಿ, ಸಿಪ್ಪೆಯನ್ನೂ ಒಳಗಿನ ಮೊಳಕೆಯನ್ನೂ ತೆಗೆದು, ಬೇಳೆಗಳನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಬೇಕು. ಬೇಯಿಸಿದ ಹಾಲು ಬೂದುಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಉಪಯೋಗಿಸಕೂಡದು, ಬಿಟ್ಟುಬಿಡಬೇಕು. ಅಧ್ಯಾಪಕಿ ಹಸಿ ಬೀಜ, ಬೆಂದ ಬೀಜ, ಉಳಿದ ಹಾಲು ಮೂರನ್ನೂ ಅಳೆದಳು. ಹಸಿ ಬೀಜದಲ್ಲಿದ್ದ ಲೆವೊಡೋಪದ ದೊಡ್ಡ ಪಾಲು ಹಾಲಿಗೆ ಇಳಿದಿತ್ತು. ಬೆಂದ ಬೀಜದಲ್ಲಿ ಉಳಿದ ಪಾಲನ್ನೇ ಲೆಕ್ಕಕ್ಕೆ ಹಿಡಿದು ವೈದ್ಯರು ಚೂರ್ಣದ ಪ್ರಮಾಣವನ್ನು ಗೊತ್ತುಮಾಡಿದರು.

ಆ ಹಾಲನ್ನು ಪ್ರಯೋಗಶಾಲೆಯ ತೊಟ್ಟಿಗೆ ಸುರಿಯಲು ನನಗೆ ಕೈ ಬರಲಿಲ್ಲ. ಹಾಲು ಮೋರಿಗೆ ಹೋಗುವುದನ್ನು ಕಂಡು ಬೆಳೆದವಳಲ್ಲ ನಾನು. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಕಾಲೇಜಿನ ಹಿಂದಿನ ಬೇವಿನ ಬುಡಕ್ಕೆ ಎರೆದು ಬಂದೆ. ಅಧ್ಯಾಪಕಿ ನಕ್ಕಳು. "ನಮ್ಮ ಅಮ್ಮೀನೂ ಹಿಂಗ ಮಾಡ್ತಿದ್ಲು ಬಿಡ್ರಿ," ಎಂದಳು.

ನೇಕಾರರನ್ನು ನಾನು ಮೊದಲು ಕಂಡದ್ದು ಹುನಗುಂದದಲ್ಲಿ, ವೈದ್ಯರು ತಿಂಗಳಿಗೊಮ್ಮೆ ರೋಗಿಗಳನ್ನು ನೋಡುತ್ತಿದ್ದ ಸಣ್ಣ ದವಾಖಾನೆಯಲ್ಲಿ. ಅರವತ್ತು ದಾಟಿದವರು, ಬಿಳಿಯ ಅಂಗಿ, ಹಣೆಯ ತುಂಬ ವಿಭೂತಿ. ಕುಳಿತಾಗ ಬಲಗೈಯ ಹೆಬ್ಬೆರಳು ತೋರುಬೆರಳುಗಳು ಕಾಣದ ನೂಲೊಂದನ್ನು ಹೊಸೆಯುತ್ತಲೇ ಇದ್ದವು. ಮಡದಿ ಪಕ್ಕದಲ್ಲಿ ನಿಂತು, ಅವರ ಹೆಗಲ ಮೇಲಿಂದ ಜಾರುವ ಶಲ್ಯವನ್ನು ಮತ್ತೆ ಮತ್ತೆ ಏರಿಸುತ್ತಿದ್ದರು.

ಇಳಕಲ್ಲ ಸೀರೆಯ ಒಡಲಿನ ಹಾಸು, ಎಂದರೆ ಮಗ್ಗಕ್ಕೆ ಉದ್ದವಾಗಿ ಹೂಡುವ ನೂಲು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ನೂಲನ್ನೂ ಸೆರಗಿನ ಒಂದೊಂದು ರೇಷ್ಮೆ ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿಗಳು. ಅವರ ಓಣಿಯಲ್ಲಿ ಕೊಂಡಿ ಎಂದರೆ ಇವರ ಕೈಯೇ ಆಗಬೇಕಿತ್ತಂತೆ. ಈ ವಿದ್ಯೆಯನ್ನು ಅವರಿಗೆ ಕಲಿಸಿದವರು ತೀರಿಹೋದ ಅಣ್ಣ. ಈಗ ಮಗ್ಗದಲ್ಲಿ ಕೂಡುವವಳು ಸೊಸೆ. ಅವಳು ನೇಯಬಲ್ಲಳು, ಕೊಂಡಿಗೆ ಮಾತ್ರ ಬೇರೆಯವರನ್ನು ಕರೆಯಬೇಕಿತ್ತು.

"ನಡೀಲಾಕ ಬರದಿದ್ರ ಬ್ಯಾಡ್ರಿ," ಎಂದರು ನೇಕಾರರು ವೈದ್ಯರಿಗೆ. "ಮಾರಿ ಮ್ಯಾಲ ನಗಿ ಬರದಿದ್ರೂ ನಡೀತೈತಿ. ನಮ್ಮನ್ಯಾಗ ನಕ್ರ ಯಾರ ನೋಡ್ತಾರ? ಕೈಯೊಂದು ನಿಂದ್ರಸ್ರಿ."

"ಯಾರ ನೋಡ್ತಾರಂದ್ರ? ನಾ ಎಲ್ಲಿ ಹೋಗೇನಿ?" ಎಂದರು ಮಡದಿ.

"ನೀ ನಾ ನಕ್ಕಾಗ ಯಾವಾಗ ನೋಡೀದಿ? ಬೈಯುವಾಗ ನೋಡೀದಿ."

ವೈದ್ಯರು ನಗುತ್ತ ಅವರ ಕೈ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿ ನೋಡಿದರು. ನೇಕಾರರು ಕೈಯನ್ನು ನೋಡದೆ ವೈದ್ಯರ ಮುಖವನ್ನೇ ನೋಡುತ್ತಿದ್ದರು.

ಮೊದಲ ತಿಂಗಳುಗಳು ಸಾಧಾರಣವಾಗಿ ಸಾಗಿದವು. ಮೂವರಿಗೂ ತುಸು ಸಲೀಸಾಯಿತು, ಕೆಡುಕೇನೂ ಆಗಲಿಲ್ಲ. ನೇಕಾರರು ತಾವೇ ರೊಟ್ಟಿ ಮುರಿದು ತಿನ್ನತೊಡಗಿದರು, ಆದರೆ ನೂಲು ಹಿಡಿಯಲಾಗಲಿಲ್ಲ. ಬೇಸಿಗೆ ಏರುತ್ತಿದ್ದಂತೆ ಮೂವರಲ್ಲೂ ಆ ಸಲೀಸು ಕುಗ್ಗಿತು. ಅಧ್ಯಾಪಕಿ ಡಬ್ಬಿಯಲ್ಲಿದ್ದ ಚೂರ್ಣವನ್ನು ತೆಗೆದು ನೋಡಿದಾಗ ಅದು ಕಪ್ಪಾಗಿತ್ತು. ಗಾಳಿ ಮತ್ತು ಸೆಕೆಗೆ ಲೆವೊಡೋಪ ಕೆಟ್ಟು ಕಪ್ಪಾಗುತ್ತದೆ. ಅಳೆದಾಗ ಬಲ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ವೈದ್ಯರು, ಅಧ್ಯಾಪಕಿ, ನಾನು ಕೂಡಿ ಯೋಚಿಸಿದೆವು. ಔಷಧವನ್ನು ಆಗಿಂದಾಗ ಸಿದ್ಧಪಡಿಸಬೇಕೆಂಬುದು ನಾನು ಕಲಿತ ಪದ್ಧತಿ. ತೂಗಿದ ಬೀಜದ ಪೊಟ್ಟಣಗಳನ್ನು ಮನೆಗೆ ಕೊಟ್ಟು, ವಾರಕ್ಕೊಮ್ಮೆ ಅಲ್ಲಿಯೇ ಶುದ್ಧಿ ಮಾಡುವುದನ್ನು ಕಲಿಸಿದರೆ ಚೂರ್ಣ ತಾಜಾ ಇರುತ್ತದೆ ಎಂದೆ. ವೈದ್ಯರಿಗೆ ಅದು ಒಪ್ಪಿಗೆಯಾಗಲಿಲ್ಲ. "ಮನಿಗೆ ಹೋದ ಔಷಧ ಅಡಿಗಿ ಆಗ್ತೈತಿ ಅಮ್ಮಾ," ಎಂದರು. ಅಧ್ಯಾಪಕಿ ಪ್ರತಿ ಮನೆಯ ಮೊದಲ ಚೂರ್ಣವನ್ನು ಅಳೆದು ನೋಡುವುದಾಗಿ ಹೇಳಿದ ಮೇಲೆ ಒಪ್ಪಿದರು.

ಇಳಕಲ್ಲಿನ ಮನೆಯಲ್ಲಿ ನಾನೇ ಕಲಿಸಿದೆ. ಪಡಸಾಲೆಯಲ್ಲಿ ಕುಣಿ ಮಗ್ಗ, ಅದರ ಪಕ್ಕದಲ್ಲಿ ಅಡುಗೆಮನೆ. ಸೊಸೆ ನೇಯುವ ಲಾಳಿಯ ಸದ್ದಿನ ನಡುವೆ ನೇಕಾರರ ಮಡದಿ ನಾನು ಹೇಳಿದಂತೆ ಗಂಟು ಕಟ್ಟಿದರು, ಹದ ನೋಡಿದರು, ಮೊಳಕೆ ತೆಗೆದರು. ಎಲ್ಲಿಯೂ ತಪ್ಪಲಿಲ್ಲ. ಹಾಲನ್ನು ಉಪಯೋಗಿಸಬಾರದೆಂದು ಹೇಳಿದೆ. ಏನು ಮಾಡಬೇಕೆಂದು ಅವರು ಕೇಳಿದರು. ನಾನು ಬೇವಿನ ಬುಡಕ್ಕೆ ಎರೆಯುತ್ತೇನೆಂದೆ. ಅವರು ತಲೆಯಾಡಿಸಿದರು. ಅವರ ಚೂರ್ಣವನ್ನು ಅಳೆದಾಗ ಪ್ರಮಾಣ ಸರಿಯಾಗಿತ್ತು.

ಒಂದು ತಿಂಗಳು ಕಳೆಯುವುದರೊಳಗೆ ಇಳಕಲ್ಲಿನಿಂದ ಫೋನು ಬಂತು. "ಅಮ್ಮಾರ, ಇವರು ಕೊಂಡಿ ಹಾಕಾಕತ್ಯಾರ್ರಿ," ಎಂದರು ಮಡದಿ.

ಅಧ್ಯಾಪಕಿಯೊಂದಿಗೆ ನಾನು ಇಳಕಲ್ಲಿಗೆ ಹೋದೆ. ನೇಕಾರರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ಎಡಗೈಯಲ್ಲಿ ಒಡಲಿನ ಕಪ್ಪು ನೂಲು, ಬಲಗೈಯಲ್ಲಿ ಸೆರಗಿನ ಕೆಂಪು ರೇಷ್ಮೆ. ಎರಡು ಬೆರಳು ಒಮ್ಮೆ ತಿರುಗಿದರೆ ಒಂದು ಕೊಂಡಿ. ಕಣ್ಣು ಹಿಡಿಯಲಾರದಷ್ಟು ಬೇಗ ಅದು ಬಿದ್ದು, ಮುಂದಿನ ನೂಲು ಬೆರಳಿಗೆ ಬರುತ್ತಿತ್ತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

"ನೋಡ್ರಿ ಅಮ್ಮಾರ," ಎಂದರು ಅವರು ತಲೆಯೆತ್ತದೆ. "ಕೈ ಕಳದಿತ್ತು, ಸಿಕ್ತು."

ಅಧ್ಯಾಪಕಿಯ ಕಣ್ಣುಗಳು ತುಂಬಿದ್ದವು. ಆ ಹೊತ್ತಿಗೆ ತಟ್ಟೆಯ ಕೋಶಗಳ ಫಲಿತಾಂಶವೂ ಚೆನ್ನಾಗಿ ಬಂದಿತ್ತು. ಬೀಜದ ಸಾರದಲ್ಲಿ ಇಟ್ಟ ಕೋಶಗಳು ಪರೀಕ್ಷೆಗೆಂದು ಹಾಕಿದ ವಿಷವನ್ನು ತಡೆದುಕೊಂಡು ಹೆಚ್ಚು ಕಾಲ ಬದುಕಿದ್ದವು. ಕಾವಲು ಸಿಕ್ಕಿತೆಂದು ನಾವು ನಂಬಿದೆವು. ತಾಜಾ ಚೂರ್ಣದ ಗುಣವೇ ಇದು ಎಂದು ನಾನು ಎಣಿಸಿ, ಹಿಂತಿರುಗುವಾಗ ಕೂಡಲಸಂಗಮದಲ್ಲಿ ಇಳಿದು ಸಂಗಮನಾಥನಿಗೆ ಹಣ್ಣುಕಾಯಿ ಮಾಡಿಸಿದೆ. ಉಳಿದ ಇಬ್ಬರು ರೋಗಿಗಳೂ ತಾಜಾ ಚೂರ್ಣವನ್ನೇ ತೆಗೆದುಕೊಳ್ಳುತ್ತಿದ್ದರು, ಅವರಲ್ಲಿ ಇಷ್ಟು ಗುಣ ಕಂಡಿರಲಿಲ್ಲ. ಅದೇಕೆಂದು ವೈದ್ಯರು ಫೋನಿನಲ್ಲಿ ಕೇಳಿದರು. ದೇಹಪ್ರಕೃತಿಯ ಭೇದವಿರಬಹುದು ಎಂದೆ. ಅವರು ಹೂಂ ಎನ್ನಲಿಲ್ಲ.

ಮುಂದಿನ ಸಲ ನೇಕಾರರು ಹುನಗುಂದಕ್ಕೆ ಬಂದಾಗ ಅವರ ಕೈ ನಿಂತಿತ್ತು, ಮೈ ನಿಂತಿರಲಿಲ್ಲ. ಕತ್ತು ಒಂದು ಕಡೆ ತಿರುಚುತ್ತಿತ್ತು, ಹೆಗಲು ಏರಿಳಿಯುತ್ತಿತ್ತು, ಕುಳಿತಲ್ಲಿಯೇ ಮೈ ತೂಗುತ್ತಿತ್ತು. ವೈದ್ಯರು ತಮ್ಮ ಎದುರಿನ ಕುರ್ಚಿಯನ್ನು ತೋರಿಸಿದರು. ನೇಕಾರರು ಕೂಡಲಿಲ್ಲ.

"ಅಲ್ಲಿ ಅಣ್ಣ ಕುಂತಾನಲ್ರಿ," ಎಂದರು, ಬಹಳ ಸಹಜವಾಗಿ. "ನಾ ನಿಂದರತೀನಿ. ಹಿರ್ಯಾ ಮನಷ್ಯಾ ಅಂವ."

ಮಡದಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹದಿನೈದು ದಿನಗಳಿಂದ ಹೀಗೆ ಎಂದು ಆಮೇಲೆ ಹೇಳಿದರು. ಕೈ ನಿಂತ ಸಂತೋಷವನ್ನು ಯಾರೂ ಕಸಿಯದಿರಲಿ ಎಂದು ಯಾರಿಗೂ ತಿಳಿಸಿರಲಿಲ್ಲ.

ವೈದ್ಯರು ಹೊರಗೆ ಬಂದು ನನಗೂ ಅಧ್ಯಾಪಕಿಗೂ ಹೇಳಿದರು. "ಇದು ಔಷಧ ಭಾಳ ಹೆಚ್ಚಾದ ಲಕ್ಷಣ. ಗುಳಿಗಿ ಅಷ್ಟ ಐತಿ, ಚೂರ್ಣ ಅಷ್ಟ ಐತಿ. ಹಂಗಾದ್ರ ಉಳಿದದ್ದು ಎಲ್ಲಿಂದ ಹೊಟ್ಟಿಗೆ ಹೋಗಾಕತ್ತೈತಿ?" ಬೇರೆ ಏನಾದರೂ ಔಷಧ ಕೊಡುತ್ತೀರಾ ಎಂದು ಮಡದಿಯನ್ನು ಕೇಳಿದರು. ಅವರು ದೇವರ ಆಣೆ ಹಾಕಿ ಇಲ್ಲವೆಂದರು. ಅವರ ಮುಖದಲ್ಲಿ ಸುಳ್ಳಿನ ಸುಳಿವಿರಲಿಲ್ಲ.

ಶುದ್ಧಿ ಮಾಡುವ ದಿನ ನಾನು ಅವರ ಮನೆಗೆ ಹೋಗಿ ಮೊದಲಿಂದ ಕಡೆಯ ತನಕ ಕುಳಿತು ನೋಡಿದೆ. ಗಂಟು, ಕೋಲು, ಉರಿ, ಎಲ್ಲವೂ ಕಲಿಸಿದಂತೆಯೇ. ಬೇಳೆಗಳನ್ನು ನೆರಳಿಗೆ ಹರಡಿದ ಮೇಲೆ ಅವರು ಆ ಬೂದುಬಣ್ಣದ ಹಾಲನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಒಲೆಗೇರಿಸಿದರು. ಬೆಲ್ಲ ಹಾಕಿದರು. ಸೌಟು ಆಡಿಸುತ್ತ ಕುಳಿತರು.

"ಇದೇನ ತಾಯಿ?" ಎಂದೆ.

"ಖವಾ ಮಾಡಾಕತ್ತೀನ್ರಿ. ಉಂಡಿ ಕಟ್ಟಿ ಇಡ್ತೀನಿ, ವಾರಗಟ್ಲೆ ಇರ್ತಾವು. ಮುಂಜಾನಿ ಒಂದು, ಸಂಜೀಕ ಒಂದು. ದೇವರ ಮುಂದ ಇಟ್ಟು ಕೊಡ್ತೀನಿ."

"ಹಾಲು ಉಪಯೋಗ ಮಾಡಬಾರದು ಅಂದಿದ್ನಲ್ಲ."

"ಔಷಧಕ್ಕ ಮಾಡಬಾರದು ಅಂದ್ರಿ. ಔಷಧಕ್ಕ ನಾ ಎಲ್ಲಿ ಮಾಡೀನ್ರಿ? ಇದು ತಿನ್ನೂದು." ಅವರ ಸೌಟು ನಿಂತಿತು. "ಹಾಲು ಹೆಂಗ ಚೆಲ್ಲೂದ್ರಿ ಅಮ್ಮಾರ? ನಮ್ಮನ್ಯಾಗ ಬೇವಿನ ಗಿಡಾ ಇಲ್ಲ. ಇರೂದು ಮೋರಿ."

ಪಡಸಾಲೆಯಿಂದ ನೇಕಾರರು ಕೂಗಿದರು. "ನಮ್ಮನಿ ಧಾರವಾಡ ಪೇಡಾ ಅಮ್ಮಾರಿಗೂ ಒಂದು ಕೊಡಬೇಕಿಲ್ಲ?"

ಕಪ್ಪನೆಯ ಆ ಉಂಡೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ತಂದೆ. ಅಧ್ಯಾಪಕಿ ಅಳೆದಳು. ಚೂರ್ಣಕ್ಕಿಂತ ಹೆಚ್ಚಿನ ಬಲ ಆ ಉಂಡೆಗಳಲ್ಲಿತ್ತು. ಕೈಯನ್ನು ನಿಲ್ಲಿಸಿದ್ದೂ ಅದೇ, ಅಣ್ಣನನ್ನು ಕರೆತಂದದ್ದೂ ಅದೇ. ಉಳಿದ ಎರಡು ಮನೆಗಳನ್ನು ವಿಚಾರಿಸಿದೆವು. ಬಾದಾಮಿಯ ಮನೆಯವರು ಹಾಲನ್ನು ತೆಂಗಿನ ಬುಡಕ್ಕೆ, ಹುನಗುಂದದವರು ಹಿತ್ತಲಿನ ಮಲ್ಲಿಗೆಗೆ ಎರೆಯುತ್ತಿದ್ದರು. ಮೂರು ಮನೆಗಳಲ್ಲಿ ಒಂದರಲ್ಲೂ ಹಾಲು ಮೋರಿಗೆ ಹೋಗಿರಲಿಲ್ಲ. ಒಂದು ಮನೆಯಲ್ಲಿ ಗಿಡವಿರಲಿಲ್ಲ, ಅಷ್ಟೇ.

ಉಂಡೆಗಳನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯವಾದ್ದರಿಂದ ವೈದ್ಯರು ಅವನ್ನು ಮೊದಲು ಅರ್ಧಕ್ಕಿಳಿಸಿ, ಬರಬರುತ್ತ ಬಿಡಿಸುವ ಕ್ರಮ ಹೇಳಿದರು. ಅದನ್ನು ತಿಳಿಸಲು ನಾನೇ ಹೋದೆ. ಮಡದಿ ತಲೆತಗ್ಗಿಸಿ ಕೇಳಿದರು. ನೇಕಾರರು ಕೇಳಲಿಲ್ಲ.

"ಅಣ್ಣ ಬರ್ತಾನ, ಸುಮ್ಮನ ಕುಂದರತಾನ," ಎಂದರು. "ಯಾರಿಗೂ ತ್ರಾಸ ಕೊಡೂದಿಲ್ಲ. ಅವನ್ನ ಕಳಸಾಕ ನೀವು ನನ್ನ ಕೈ ಕಸಗೊಂತೀರೇನ್ರಿ ಅಮ್ಮಾರ?"

"ಇವತ್ತ ಸುಮ್ಮನ ಕೂತಾರ. ನಾಳಿಗೆ ಹಂಗ ಮಾಡು, ಹಿಂಗ ಮಾಡು ಅಂದ್ರ?"

"ನಮ್ಮಣ್ಣ ಕೆಟ್ಟದ್ ಹೇಳಾಂವಲ್ರಿ." ಅವರ ಕತ್ತು ತಿರುಚುತ್ತಿತ್ತು, ಬೆರಳುಗಳು ಮಾತ್ರ ತೊಡೆಯ ಮೇಲೆ ಶಾಂತವಾಗಿದ್ದವು. "ಹಾಸು ಮಗ್ಗದ ಮ್ಯಾಲ ಐತಿ. ಅರ್ಧ ಕೊಂಡಿ ಆಗ್ಯಾವು. ಇದೊಂದು ಮುಗಸ್ತೀನಿ. ಆಮ್ಯಾಲ ಕೈ ಒಯ್ರಿ ನೀವು."

ರೋಗಿಯ ಬುದ್ಧಿಯನ್ನು ಕಾಯುವುದು ವೈದ್ಯಧರ್ಮವೆಂದು ನಾನು ವರ್ಷಾನುಗಟ್ಟಲೆ ಪಾಠ ಹೇಳಿದ್ದೆ. ಆದರೆ ಕೈಗಳಲ್ಲಿಯೇ ಬುದ್ಧಿಯನ್ನಿಟ್ಟುಕೊಂಡ ಮನುಷ್ಯನಿಗೆ ಏನು ಹೇಳಬೇಕೆಂದು ನನ್ನ ಯಾವ ಗ್ರಂಥವೂ ಕಲಿಸಿರಲಿಲ್ಲ. ವೈದ್ಯರು ಹೇಳಿದಂತೆಯೇ ಆಗಬೇಕೆಂದು ಮಡದಿಗೆ ಮತ್ತೊಮ್ಮೆ ಹೇಳಿ ಎದ್ದೆ. ಅವರು ನನ್ನ ಕಡೆಗೂ ನೋಡಲಿಲ್ಲ, ಗಂಡನ ಕಡೆಗೂ ನೋಡಲಿಲ್ಲ, ಮಗ್ಗದ ಕಡೆಗೆ ನೋಡುತ್ತಿದ್ದರು.

ಅವರು ಉಂಡೆಗಳನ್ನು ಇಳಿಸಲಿಲ್ಲ. ಆ ಹಾಸು ಮುಗಿಯಲಿ, ಆಮೇಲೆ ಇಳಿಸಿದರಾಯಿತು ಎಂದುಕೊಂಡರು. ಅವರ ಜಾಗದಲ್ಲಿದ್ದರೆ ನಾನಾದರೂ ಏನು ಮಾಡುತ್ತಿದ್ದೆನೋ ಹೇಳಲಾರೆ.

ಆ ವಾರವೇ ಸೊಸೆಯ ಫೋನು ಬಂತು. ನಾನೂ ವೈದ್ಯರೂ ಅವರ ಕಾರಿನಲ್ಲಿಯೇ ಹೊರಟೆವು. ಪಡಸಾಲೆಗೆ ಕಾಲಿಟ್ಟಾಗ ಮೊದಲು ಕಂಡದ್ದು ಮಗ್ಗ. ಹಾಸನ್ನು ಅಡ್ಡಲಾಗಿ ಕೊಯ್ದಿತ್ತು. ಕೆಂಪು ಎಳೆಗಳು ಒಂದು ಕಡೆ, ಕಪ್ಪು ನೂಲುಗಳು ಒಂದು ಕಡೆ ಜೋತಾಡುತ್ತಿದ್ದವು. ಆ ಕೊಯ್ತ, ಕೊಂಡಿಗಳ ಸಾಲಿನಲ್ಲಿಯೇ, ಗೆರೆ ಹಾಕಿದಂತೆ ನೇರವಾಗಿತ್ತು.

"ಅಣ್ಣ ಹೇಳಿದ್ನಂತ್ರಿ," ಎಂದರು ಮಡದಿ. ಅಳುತ್ತಿರಲಿಲ್ಲ. "ಕೊಂಡಿ ತಪ್ಪ್ಯಾವು, ಕೊಯ್ದು ಮತ್ತ ಹಾಕು ಅಂದನಂತ. ನಾ ಓಡಿ ಬರೂದ್ರಾಗ ಎಲ್ಲಾ ಕೊಯ್ದಿದ್ರು. ಒಂದೂ ಕೊಂಡಿ ತಪ್ಪಿರಲಿಲ್ರಿ ಅಮ್ಮಾರ. ನಾ ನೋಡೀನಿ."

ನೇಕಾರರು ಗೋಡೆಗೊರಗಿ ಕುಳಿತಿದ್ದರು. ಕತ್ತರಿ ಅವರ ಮಡಿಲಲ್ಲಿತ್ತು. ಕೈಗಳಲ್ಲಿ ಎಳ್ಳಷ್ಟೂ ನಡುಕವಿರಲಿಲ್ಲ. ವೈದ್ಯರು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಕತ್ತರಿಯನ್ನು ತೆಗೆದಿಟ್ಟರು. ನೇಕಾರರು ಮಗ್ಗದ ಕಡೆಗೆ ನೋಡಿ ಕೇಳಿದರು. "ನಾ ಕೊಯ್ದಿನೇನ್ರಿ ಇದನ್ನ?"

ವೈದ್ಯರು ಮೆಲ್ಲಗೆ ಹೌದೆಂದರು.

"ಹಂಗಾದ್ರ ಒಯ್ರಿ," ಎಂದರು. "ಕೈ ಒಯ್ರಿ."

ಮಡದಿ ಒಳಗೆ ಹೋದರು. ಅಂದು ಬೇಯಿಸಿದ ಹಾಲು ಒಲೆಯ ಪಕ್ಕದಲ್ಲಿತ್ತು. ಪಾತ್ರೆಯನ್ನು ಬಚ್ಚಲಿಗೆ ಒಯ್ದು ಸುರಿದರು. ಸುರಿದ ಮೇಲೆ ಪಾತ್ರೆಯನ್ನು ನೆಲಕ್ಕಿಟ್ಟು, ಹರಿದುಹೋದ ಹಾಲಿಗೆ ಕೈಮುಗಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಹಿಂತಿರುಗುವ ದಾರಿಯಲ್ಲಿಯೇ ನಿರ್ಧಾರವಾಯಿತು. ನಾನೇ ವೈದ್ಯರಿಗೆ ಹೇಳಿದೆ, ಮೂರು ಮನೆಗಳಲ್ಲೂ ಚೂರ್ಣವನ್ನು ನಿಲ್ಲಿಸೋಣ ಎಂದು. ಉಳಿದ ಇಬ್ಬರಿಗೆ ಕೆಡುಕಾಗಿಲ್ಲವಲ್ಲ ಎಂದು ಮರುದಿನ ಅಧ್ಯಾಪಕಿ ಮೆಲ್ಲಗೆ ಕೇಳಿದಳು. ಅವಳ ವರ್ಷಗಳ ದುಡಿಮೆ ಅದರಲ್ಲಿತ್ತು. ಒಲೆ, ಹಾಲು, ಬೆಲ್ಲ, ದೇವರ ಕಟ್ಟೆ ಇರುವ ಮನೆಯಲ್ಲಿ ಔಷಧದ ಪ್ರಮಾಣವನ್ನು ಕಾಯಲು ನಮ್ಮಿಂದಾಗದು ಎಂದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡು, "ಖರೆ ಐತ್ರಿ," ಎಂದಳು. ಉಳಿದ ಬೀಜಗಳನ್ನು ಕಟ್ಟಿಟ್ಟಳು. ವರದಿಯಲ್ಲಿ ಖವಾದ ಉಂಡೆಗಳ ಸಂಗತಿಯನ್ನು, ಕೊಯ್ದ ಹಾಸಿನ ಸಂಗತಿಯನ್ನು ಬಿಡದೆ ಬರೆದಳು. ತಟ್ಟೆಯ ಕೋಶಗಳ ಫಲಿತಾಂಶ ಚೆನ್ನಾಗಿದೆ, ಮನುಷ್ಯರ ವಿಷಯದಲ್ಲಿ ಏನನ್ನೂ ಹೇಳಲಾರೆವು ಎಂದು ಮುಗಿಸಿದಳು. ತಟ್ಟೆಯ ಕೋಶಕ್ಕೆ ಮನೆಯಿಲ್ಲ, ಮಡದಿಯಿಲ್ಲ, ಹಾಲಿನ ಮೇಲೆ ಭಕ್ತಿಯಿಲ್ಲ. ಅಲ್ಲಿ ಕಾವಲು ಸಿಕ್ಕಿದ್ದು ಸುಳ್ಳಲ್ಲ. ಅದು ನೇಕಾರರ ತನಕ ಬರಲಿಲ್ಲ.

ವೈದ್ಯರ ಕ್ರಮದಂತೆ ಉಂಡೆಗಳು ಇಳಿದವು, ಚೂರ್ಣದ ಜಾಗಕ್ಕೆ ಗುಳಿಗೆಯೇ ಮತ್ತೆ ಬಂತು. ಮೈಯ ತೂಗಾಟ ನಿಂತಿತು. ಕೈಯ ನಡುಕ ಮೊದಲಿಗಿಂತ ಹೆಚ್ಚಾಗಿ ಮರಳಿತು. ಅಣ್ಣ ಬರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಔಷಧ ಬಿಟ್ಟ ಮೇಲೂ ಅಣ್ಣ ಬರುತ್ತಿದ್ದಾನೆಂದರೆ ರೋಗ ಬುದ್ಧಿಯ ಕಡೆಗೂ ಕಾಲಿಟ್ಟಿದೆ ಎಂದು ವೈದ್ಯರು ನನಗೆ ಒಬ್ಬಳಿಗೇ ಹೇಳಿದರು. ಬೀಜ ಕೊಡುವುದಕ್ಕಿಂತ ಮೊದಲೇ ಅದು ಒಳಗೆ ಆರಂಭವಾಗಿರಬೇಕು. ಮುಂದಿನ ಚಳಿಗಾಲಕ್ಕೆ ನುಂಗುವುದು ಕಷ್ಟವಾಯಿತು, ಕಫ ಎದೆಗಿಳಿಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ನಾನು ಅವರನ್ನು ಕಡೆಯ ಸಲ ನೋಡಿದಾಗ ನನ್ನ ಗುರುತು ಹತ್ತಲಿಲ್ಲ. ಬೆರಳುಗಳು ಹೊದಿಕೆಯ ಅಂಚಿನ ಎಳೆಗಳನ್ನು ಹುಡುಕುತ್ತಿದ್ದವು. ಕೆಲವು ದಿನಗಳಲ್ಲಿ ಅವರು ಶಿವೈಕ್ಯರಾದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಇಳಕಲ್ಲಿಗೆ ಹೋದೆ. ಮಡದಿ ಚಾಪೆ ಹಾಸಿ ಕೂಡಿಸಿದರು. ಸೊಸೆ ಮಗ್ಗದಲ್ಲಿದ್ದಳು.

"ಒಂದು ಖರೆ ಹೇಳ್ರಿ ಅಮ್ಮಾರ," ಎಂದರು ಮಡದಿ. "ನಾ ಆ ಉಂಡಿ ಕೊಡದಿದ್ರ ಇನ್ನಷ್ಟ ದಿನ ಇರ್ತಿದ್ರೇನ್ರಿ?"

ನಾನು ಅದನ್ನು ವೈದ್ಯರಲ್ಲಿ ಮೊದಲೇ ಕೇಳಿದ್ದೆ. ಕೇಳದೆ ಈ ಮನೆಗೆ ಬರುವ ಧೈರ್ಯ ನನಗಿರಲಿಲ್ಲ. "ಇಲ್ಲವ್ವ," ಎಂದೆ. "ರೋಗ ತನ್ನ ದಾರಿ ಹಿಡದಿತ್ತು. ಉಂಡಿ ಅದನ್ನ ಮುಂದ ತಳ್ಳಲಿಲ್ಲ. ನಾ ತಂದ ಬೀಜ ಅದನ್ನ ತಡೀಲೂ ಇಲ್ಲ."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ, "ಕೈ ನಿಂತಾಗ ಮೊದಲ ಕೂಡಿಸಿದ ಸೀರಿ ನೀವು ನೋಡಿದ್ರಲ್ಲ, ಕರೀ ಒಡಲಿಂದು," ಎಂದರು. "ಅದು ಪೂರಾ ಆಗಿತ್ತ್ರಿ. ಅಂಗಡ್ಯಾವರು ಒಯ್ದ್ರು. ಯಾರ ತಗೊಂಡ್ರೋ, ಎಲ್ಲಿ ಹೋತೋ ಗೊತ್ತಿಲ್ಲ. ಇಟ್ಟುಕೋಬೇಕಿತ್ತು ಅಂತ ಆಗ ಹೊಳೀಲಿಲ್ಲ. ಇನ್ನ ಭಾಳ ಸೀರಿ ಕೂಡಸ್ತಾರಂತ ಮಾಡಿದ್ದೆ."

ಅವರ ಕೈಯನ್ನು ಹಿಡಿದುಕೊಂಡು ಕುಳಿತೆ.

ಬಳ್ಳಿಗೆ ಕೈಮುಗಿದು ಕಾಯಿ ಕಿತ್ತುಕೊಟ್ಟ ಹೊಲದ ಹಿರಿಯನ ಮನೆ ತಣ್ಣಗಿರಲಿ. ಬೂದಿ ಹಚ್ಚಿದ ಅವನ ಮಡದಿಯ ಕೈ ನೋಯದಿರಲಿ. ಸೋಲನ್ನು ಮುಚ್ಚದೆ ಬರೆದ ಅಧ್ಯಾಪಕಿಗೆ ಮುಂದಿನ ಪ್ರಶ್ನೆಯ ಉತ್ತರ ದೊರೆಯಲಿ. ನೆಲದ ಮೇಲೆ ಕುಳಿತು ಕತ್ತರಿ ತೆಗೆದಿಟ್ಟ ವೈದ್ಯರಿಗೆ ದೀರ್ಘಾಯುಷ್ಯವಿರಲಿ. ಬಾದಾಮಿಯ, ಹುನಗುಂದದ ಆ ಇಬ್ಬರು ರೋಗಿಗಳ ದಿನಗಳು ಸಲೀಸಾಗಿ ಸಾಗಲಿ. ಮಗ್ಗದಲ್ಲಿ ಕುಳಿತ ಸೊಸೆಯ ಬೆರಳಿಗೆ ಮಾವನ ಚುರುಕು ಇಳಿದು ಬರಲಿ. ಪ್ರೀತಿಯಿಂದ ಖವಾ ಕಾಸಿದ ಆ ತಾಯಿಯ ಎದೆಯ ಭಾರ ಇಳಿಯಲಿ, ಅವರಿಗೆ ನಿದ್ರೆ ಬರಲಿ. ನೇಕಾರರ ಜೀವ ತನ್ನ ಅಣ್ಣನನ್ನು ಸೇರಿರಲಿ. ಮತ್ತು ಎಲ್ಲೋ ಯಾವುದೋ ಊರಿನಲ್ಲಿ, ಆ ಕಪ್ಪು ಒಡಲಿನ ಸೀರೆಯನ್ನು ಉಟ್ಟು, ಸೆರಗು ಒಡಲಿಗೆ ಕೂಡಿದ್ದು ಹೇಗೆಂದು ತಿಳಿಯದೆ ಅದನ್ನು ಹೆಗಲಿಗೆ ಎಳೆದುಕೊಳ್ಳುತ್ತಿರುವ ಆ ಹೆಣ್ಣುಮಗಳು ಚೆನ್ನಾಗಿರಲಿ.